ಬಸುರಿ ಆಗೋ ಮೊದಲೇ ಉಪ್ಪಿನ ಡಬ್ಬಿ ನೋಡಿ

(ಪುಣೆಯಲ್ಲಿ ನಡೆದ ಕನ್ನಡಿಗರ ಕೂಟವೊಂದರಲ್ಲಿ ಆಹಾರ ತಜ್ಞೆಯೊಬ್ಬರು ಆಡಿದ ಮಾತಿನ ಬರಹ ರೂಪ)

ಅಯೋಡಿನ್ ಬಗ್ಗೆ ಮಾತು ಅಂದ ಕೂಡ್ಲೇ ಹಿಂದಿನ ಸಾಲಲ್ಲಿ ಒಬ್ರು "ಅದು ಹಳೇ ವಿಷಯ ಅಲ್ವಾ ಮೇಡಂ, ಗಳಗಂಡ ರೋಗ, ದೂರದರ್ಶನದಲ್ಲಿ ಬರ್ತಿತ್ತಲ್ಲ" ಅಂದ್ರು. ನಮ್ಮಲ್ಲಿ ತುಂಬಾ ಜನ ಹಾಗೇ ಅಂದ್ಕೊಂಡಿದ್ದಾರೆ, ಕುತ್ತಿಗೆ ಊದಿರೋರು ಈಗ ಅಷ್ಟಾಗಿ ಕಣ್ಣಿಗೆ ಬೀಳಲ್ಲ, ಹಾಗಾಗಿ ವಿಷಯ ಮುಗಿದೇ ಹೋಯ್ತು ಅಂತ. ಆದ್ರೆ ನಾನು ಕೆಲಸ ಮಾಡೋ ಕಡೆ ಬರೋ ಬಸುರಿ ಹೆಣ್ಮಕ್ಕಳ ಫೈಲ್ ತೆಗೆದು ನೋಡಿದ್ರೆ ಹಿಮೋಗ್ಲೋಬಿನ್ ಇರುತ್ತೆ, ಶುಗರ್ ಇರುತ್ತೆ, ಥೈರಾಯ್ಡ್ ಹೇಗಿದೆ ಅಂತ ತೋರಿಸೋ ಟಿಎಸ್‌ಎಚ್ ರಿಪೋರ್ಟ್ ಇರುತ್ತೆ, ಫೋಲಿಕ್ ಆಸಿಡ್ ಐರನ್ ಕ್ಯಾಲ್ಸಿಯಂ ಎಲ್ಲಾ ಬರೆದಿರುತ್ತೆ, "ಮನೇಲಿ ಯಾವ ಉಪ್ಪು ಬಳಸ್ತೀರಿ" ಅನ್ನೋ ಪ್ರಶ್ನೆ ಮಾತ್ರ ಯಾರೂ ಕೇಳಿರಲ್ಲ. ನಾನು ಕೇಳಿದ್ರೆ ಒಂಥರಾ ನೋಡ್ತಾರೆ. ಆಮೇಲೆ ಬರೋ ಉತ್ತರಗಳಿಂದ ನನಗೆ ಚಿಂತೆ ಶುರುವಾಗುತ್ತೆ. ಒಬ್ಬರು ಪಿಂಕ್ ಸಾಲ್ಟ್ ಅಂತಾರೆ, ಒಬ್ಬರು ಸೈಂಧವ ಲವಣ, ಇನ್ನೊಬ್ಬರು ಊರಿಂದ ತಂದ ಕಲ್ಲುಪ್ಪು, ಇವಕ್ಕೆ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರಲ್ಲ. ಹಾಗೆ ಹೇಳೋ ಹೊತ್ತಿಗೆ ಅವರಿಗೆ ಆಗಲೇ ಮೂರನೇ ತಿಂಗಳು ನಡೀತಿರುತ್ತೆ.

ಮೂರನೇ ತಿಂಗಳು ಅಂತ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ನಮ್ಮ ಕುತ್ತಿಗೆ ಮುಂಭಾಗದಲ್ಲಿ ಥೈರಾಯ್ಡ್ ಗ್ರಂಥಿ ಇದೆಯಲ್ಲ, ಅದು ಥೈರಾಕ್ಸಿನ್ ಅನ್ನೋ ಹಾರ್ಮೋನ್ ಮಾಡುತ್ತೆ, ಆ ಹಾರ್ಮೋನಿನ ಒಂದೊಂದು ಅಣುವಿನಲ್ಲೂ ನಾಲ್ಕು ಅಯೋಡಿನ್ ಪರಮಾಣು ಇರ್ತವೆ. ಅಯೋಡಿನ್ ಇಲ್ಲ ಅಂದ್ರೆ ಥೈರಾಕ್ಸಿನ್ ಇಲ್ಲ, ಬೇರೆ ಯಾವುದನ್ನೂ ಅದರ ಬದಲಿಗೆ ಹಾಕೋಕೆ ಬರಲ್ಲ. ಮಗುವಿನ ಥೈರಾಯ್ಡ್ ಅಯೋಡಿನ್ ಹೀರೋಕೆ ಶುರು ಮಾಡೋದೇ 10-12 ವಾರದ ಹೊತ್ತಿಗೆ. ತನಗೆ ಬೇಕಾದಷ್ಟು ಹಾರ್ಮೋನ್ ತಾನೇ ಮಾಡ್ಕೊಳ್ಳೋಕೆ ಹೆಚ್ಚುಕಡಿಮೆ ಅರ್ಧ ಬಸುರು ಕಳೀಬೇಕು. ಅಲ್ಲಿ ತನಕ ಮಗುವಿನ ಮಿದುಳಿಗೆ ಸಿಗೋ ಥೈರಾಕ್ಸಿನ್ ಬಹುಪಾಲು ತಾಯಿದೇ.

ಆ ತಿಂಗಳುಗಳಲ್ಲಿ ಮಿದುಳಿನ ನರಕೋಶಗಳು ಹುಟ್ಟಿದ ಜಾಗದಿಂದ ಹೊರಟು ತಮ್ಮ ತಮ್ಮ ಜಾಗಕ್ಕೆ ಹೋಗಿ ಸೇರ್ಕೊಳ್ತಾ ಇರ್ತವೆ. ರಂಗೋಲಿ ಹಾಕುವಾಗ ಮೊದಲು ಚುಕ್ಕಿ ಇಡ್ತೀವಲ್ಲ, ಆಮೇಲೆ ಎಳೆ ಎಳೀತೀವಿ, ಚುಕ್ಕಿ ಸಾಲು ತಪ್ಪಿದ್ರೆ ಆಮೇಲೆ ಎಷ್ಟೇ ಚೆನ್ನಾಗಿ ಎಳೆ ಎಳೆದ್ರೂ ಅದು ಕೂಡಲ್ಲ, ಹಾಗೆ. ಕೋಶಗಳು ಸರಿಯಾದ ಜಾಗ ಸೇರೋದು, ಅವುಗಳ ಮಧ್ಯೆ ಸಂಪರ್ಕ ಬೆಳೆಯೋದು, ನರದ ಎಳೆಗಳ ಮೇಲೆ ಕೊಬ್ಬಿನ ಹೊದಿಕೆ ಬರೋದು, ಇಷ್ಟಕ್ಕೂ ಥೈರಾಯ್ಡ್ ಹಾರ್ಮೋನ್ ಬೇಕು. ಮೊದಲ ಹಂತದ ಕೆಲಸ ನಡೆಯೋವಾಗ ಎಷ್ಟೋ ಜನಕ್ಕೆ ತಾವು ಬಸುರಿ ಅನ್ನೋದೇ ಗೊತ್ತಿರಲ್ಲ.

ಇನ್ನು ಎಷ್ಟು ಬೇಕು ಅನ್ನೋದು. ಸಾಮಾನ್ಯವಾಗಿ ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಬಸುರಿಗೆ ಮತ್ತು ಹಾಲೂಡಿಸೋ ತಾಯಿಗೆ 250 ಮೈಕ್ರೋಗ್ರಾಂ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಮೈಕ್ರೋಗ್ರಾಂ ಅಂದ್ರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ, ಕಣ್ಣಿಗೆ ಕಾಣೋದೇ ಇಲ್ಲ ಅಷ್ಟು ಸಣ್ಣದು. ಬಸುರಲ್ಲಿ ಯಾಕೆ ಜಾಸ್ತಿ ಬೇಕು ಅಂದ್ರೆ ತಾಯಿಯ ಗ್ರಂಥಿ ಸುಮಾರು ಒಂದೂವರೆ ಪಟ್ಟು ಹಾರ್ಮೋನ್ ಮಾಡಬೇಕಾಗುತ್ತೆ, ಕಿಡ್ನಿ ಜೋರಾಗಿ ಕೆಲಸ ಮಾಡೋದ್ರಿಂದ ಮೂತ್ರದಲ್ಲಿ ಅಯೋಡಿನ್ ಜಾಸ್ತಿ ಹೊರಗೆ ಹೋಗುತ್ತೆ, ಆಮೇಲೆ ಮಗುವಿನ ಗ್ರಂಥಿಗೂ ಪಾಲು ಹೋಗಬೇಕು. ದಿನಾ ಸರಿಯಾಗಿ ಅಯೋಡಿನ್ ಸಿಗ್ತಾ ಇರೋರ ಥೈರಾಯ್ಡಿನಲ್ಲಿ 15ರಿಂದ 20 ಮಿಲಿಗ್ರಾಂ ಅಯೋಡಿನ್ ಕೂಡಿಟ್ಟಿರುತ್ತೆ, ಬಸುರಿನ ಶುರುವಿನಲ್ಲಿ ಏಕಾಏಕಿ ಬೇಡಿಕೆ ಏರಿದಾಗ ಕೈಗೆ ಬರೋದು ಈ ಕೂಡಿಟ್ಟದ್ದೇ. ಮೂರು ವರ್ಷದಿಂದ ಪಿಂಕ್ ಸಾಲ್ಟ್ ತಿಂದ ಹುಡುಗಿ ಹತ್ತನೇ ವಾರದಲ್ಲಿ ಬಂದು ಉಪ್ಪು ಬದಲಾಯಿಸಿದ್ರೆ ಅದು ಕೂಡಿ ಬರೋಕೆ ಸಮಯ ಎಲ್ಲಿದೆ ಹೇಳಿ. ಅದಕ್ಕೇ ನಾನು ಬಸುರಿಯರಿಗಿಂತ ಹೆಚ್ಚಾಗಿ ಹೊಸದಾಗಿ ಮದುವೆ ಆದವರ ಹತ್ರ ಈ ಮಾತು ಆಡಬೇಕು ಅಂತ ಹಟ ಹಿಡಿಯೋದು.

ಇದಕ್ಕೆ ನನಗೆ ಗೊತ್ತಿರೋ ಅತ್ಯಂತ ಗಟ್ಟಿ ಸಾಕ್ಷಿ ಪಪುವಾ ನ್ಯೂಗಿನಿಯದ್ದು. ಅಲ್ಲಿನ ಬೆಟ್ಟದ ಕಣಿವೆಗಳಲ್ಲಿ ಅಯೋಡಿನ್ ತೀರಾ ಕಡಿಮೆ, ಕಿವಿ ಕೇಳದ, ಮಾತು ಬಾರದ, ಬುದ್ಧಿ ಬೆಳೆಯದ ಮಕ್ಕಳು ಹುಟ್ಟೋದು ಅಲ್ಲಿ ಸಾಮಾನ್ಯ ಆಗಿಬಿಟ್ಟಿತ್ತು. 1960ರ ದಶಕದಲ್ಲಿ ಒಂದು ಕುಟುಂಬ ಬಿಟ್ಟು ಒಂದು ಕುಟುಂಬಕ್ಕೆ ಅಯೋಡಿನ್ ಸೇರಿಸಿದ ಎಣ್ಣೆಯ ಇಂಜೆಕ್ಷನ್ ಕೊಟ್ರು, ಉಳಿದವರಿಗೆ ಬರೀ ಸಲೈನ್. 1971ರಲ್ಲಿ ಫಲಿತಾಂಶ ಪ್ರಕಟ ಆಯ್ತು. ಸಲೈನ್ ತಗೊಂಡ ತಾಯಂದಿರ ಮಕ್ಕಳಲ್ಲಿ 26 ಮಕ್ಕಳಿಗೆ ಈ ತೊಂದರೆ, ಅಯೋಡಿನ್ ತಗೊಂಡವರ ಮಕ್ಕಳಲ್ಲಿ 7. ಆ ಏಳರಲ್ಲಿ ಆರು ತಾಯಂದಿರು ಇಂಜೆಕ್ಷನ್ ತಗೊಳ್ಳೋ ಹೊತ್ತಿಗೆ ಆಗಲೇ ಬಸುರಿ ಆಗಿದ್ರು. ಇದನ್ನ ಸ್ವಲ್ಪ ಯೋಚನೆ ಮಾಡಿ. ಔಷಧ ಅದೇ, ಊರು ಅದೇ, ಕೆಲವೇ ತಿಂಗಳ ಹಿಂದುಮುಂದಿನಲ್ಲಿ ಒಂದು ಮಗುವಿನ ಇಡೀ ಬದುಕು ಬೇರೆ ಆಗಿದೆ.

ನಮ್ಮ ದೇಶದ ಕಥೆಯೂ ಹೇಳಲೇಬೇಕು, ಸ್ವಲ್ಪ ದಾರಿ ತಪ್ಪಿದ್ರೂ ಪರವಾಗಿಲ್ಲ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಡಾಕ್ಟರ್ ರಾಮಲಿಂಗಸ್ವಾಮಿ ಮತ್ತು ಅವರ ಜೊತೆಗಾರರು ಕಣಿವೆಯನ್ನ ಮೂರು ಭಾಗ ಮಾಡಿ ಎರಡು ಭಾಗಕ್ಕೆ ಅಯೋಡಿನ್ ಸೇರಿಸಿದ ಉಪ್ಪು, ಒಂದು ಭಾಗಕ್ಕೆ ಬರೀ ಉಪ್ಪು ಕೊಟ್ರು. ಕೆಲವೇ ವರ್ಷದಲ್ಲಿ ಆ ಎರಡು ಭಾಗದ ಶಾಲೆ ಮಕ್ಕಳಲ್ಲಿ ಗಳಗಂಡ ಸುಮಾರು ಅರ್ಧಕ್ಕೆ ಇಳೀತು, ಬರೀ ಉಪ್ಪಿನ ಕಡೆ ಹಾಗೇ ಉಳೀತು. ಆಮೇಲೆ ಅವರಿಗೂ ಅಯೋಡಿನ್ ಉಪ್ಪು ಕೊಟ್ರು, ಅಲ್ಲೂ ಇಳೀತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು ಇದೇ ಕೆಲಸದ ಬಲದ ಮೇಲೆ. ನಾವು ಇವತ್ತು ಅಂಗಡಿಗೆ ಹೋಗಿ ಏನೂ ಯೋಚನೆ ಮಾಡದೆ ಒಂದು ಕೆಜಿ ಉಪ್ಪು ತರ್ತೀವಲ್ಲ, ಅದರ ಹಿಂದೆ ಇಷ್ಟು ದೊಡ್ಡ ಕೆಲಸ ಇದೆ, ನನಗಂತೂ ಅದನ್ನ ನೆನೆಸಿಕೊಂಡಾಗೆಲ್ಲ ಕೈ ಮುಗಿಯೋಣ ಅನ್ಸುತ್ತೆ. ಮಧ್ಯದಲ್ಲಿ 2000ದಲ್ಲಿ ಅಯೋಡಿನ್ ಇಲ್ಲದ ಉಪ್ಪಿನ ಮೇಲಿದ್ದ ನಿಷೇಧ ತೆಗೆದ್ರು, 2006ರಲ್ಲಿ ಮತ್ತೆ ತಂದ್ರು. 2018-19ರ ಅಯೋಡಿನ್ ಸರ್ವೆ ಪ್ರಕಾರ ದೇಶದಲ್ಲಿ ಸುಮಾರು 76 ಪರ್ಸೆಂಟ್ ಮನೆಗಳ ಉಪ್ಪಿನಲ್ಲಿ ಸಾಕಷ್ಟು ಅಯೋಡಿನ್ ಇತ್ತು. ಒಳ್ಳೆ ಸಾಧನೆನೇ. ಆದ್ರೆ ಉಳಿದ ಮನೆಗಳಲ್ಲೂ ಹೆಣ್ಮಕ್ಕಳು ಬಸುರಿ ಆಗ್ತಾರೆ.

ಈಗ ನಿಮ್ಮಲ್ಲಿ ಕೆಲವರು ಕೇಳ್ತೀರಿ, ಅದೆಲ್ಲ ಬೆಟ್ಟದ ಊರುಗಳ ಮಾತಾಯ್ತು, ಸ್ವಲ್ಪ ಕಡಿಮೆ ಆದ್ರೆ ಏನಾಗುತ್ತೆ ಅಂತ. ಇಲ್ಲಿ ನಾನು ಬಹಳ ಜಾಗ್ರತೆಯಿಂದ ಮಾತಾಡ್ಬೇಕು, ಯಾಕಂದ್ರೆ ಇಲ್ಲಿ ಹೆದರಿಸೋದು ಸುಲಭ. ತೀರಾ ಕೊರತೆ ಇರೋ ಊರುಗಳ ಮಕ್ಕಳ ಐಕ್ಯೂ ಉಳಿದವರಿಗಿಂತ ಸರಾಸರಿ 13.5 ಅಂಕ ಕಡಿಮೆ ಅಂತ 1994ರಲ್ಲಿ ಹಲವು ಅಧ್ಯಯನ ಕೂಡಿಸಿ ಲೆಕ್ಕ ಹಾಕಿದ್ರು. ಅದು ತೀವ್ರ ಕೊರತೆಯ ಮಾತು. ಸಣ್ಣ ಕೊರತೆ ಬಗ್ಗೆ ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ ಸಾವಿರಕ್ಕೂ ಸ್ವಲ್ಪ ಹೆಚ್ಚು ತಾಯಂದಿರ ಬಸುರಿನ ಹೊತ್ತಿನ ಮೂತ್ರದ ಮಾದರಿ ಇಟ್ಟುಕೊಂಡು, ಅವರ ಮಕ್ಕಳು ಎಂಟು-ಒಂಬತ್ತು ವರ್ಷ ಆದಾಗ ಹೇಗಿದ್ದಾರೆ ಅಂತ ನೋಡಿದ್ರು, 2013ರಲ್ಲಿ ಪ್ರಕಟ ಆಯ್ತು. ಅಯೋಡಿನ್ ಕಡಿಮೆ ಇದ್ದ ತಾಯಂದಿರ ಮಕ್ಕಳು ಮಾತಿನ ಐಕ್ಯೂನಲ್ಲಿ, ಓದೋದ್ರಲ್ಲಿ, ಓದಿದ್ದು ಅರ್ಥ ಮಾಡ್ಕೊಳ್ಳೋದ್ರಲ್ಲಿ ಸ್ವಲ್ಪ ಹಿಂದಿದ್ರು. ಅದೇ ವರ್ಷ ಆಸ್ಟ್ರೇಲಿಯಾದ ಟಾಸ್ಮೇನಿಯಾದಿಂದ ಬಂದ ವರದಿಯಲ್ಲೂ ಒಂಬತ್ತು ವರ್ಷದ ಮಕ್ಕಳ ಸ್ಪೆಲಿಂಗ್, ವ್ಯಾಕರಣದ ಅಂಕ ಕಡಿಮೆ ಇತ್ತು.

ಇವಿಷ್ಟು ಹೇಳಿ ನಿಲ್ಲಿಸಿದ್ರೆ ನಿಮಗೆ ಅನ್ಯಾಯ ಮಾಡಿದ ಹಾಗೆ. ನಮ್ಮ ಬೆಂಗಳೂರಿನಲ್ಲಿ ಮತ್ತು ಬ್ಯಾಂಕಾಕ್‌ನಲ್ಲಿ ಒಟ್ಟು 800ಕ್ಕೂ ಹೆಚ್ಚು ಬಸುರಿಯರ ಮೇಲೆ ಒಂದು ಪರೀಕ್ಷೆ ನಡೆದಿದೆ, ಅರ್ಧ ಜನಕ್ಕೆ ದಿನಾ 200 ಮೈಕ್ರೋಗ್ರಾಂ ಅಯೋಡಿನ್ ಮಾತ್ರೆ, ಇನ್ನರ್ಧ ಜನಕ್ಕೆ ಬರೀ ಡಮ್ಮಿ ಮಾತ್ರೆ. ಮಕ್ಕಳಿಗೆ ಐದಾರು ವರ್ಷ ಆದ್ಮೇಲೆ ನೋಡಿದ್ರೆ ಎರಡೂ ಗುಂಪಿನ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ, 2017ರಲ್ಲಿ ಅದು ಪ್ರಕಟ ಆಯ್ತು. ಇದರಿಂದ "ಅಯೋಡಿನ್ ಬೇಡ" ಅಂತ ಅರ್ಥ ಮಾಡ್ಕೋಬೇಡಿ. ಆ ಹೆಣ್ಮಕ್ಕಳಿಗಿದ್ದ ಕೊರತೆ ಸಣ್ಣದು, ಮಾತ್ರೆ ಶುರುವಾಗಿದ್ದು ಬಸುರಿ ಆದ್ಮೇಲೆ, ಸಣ್ಣ ಕೊರತೆಗೆ ದೇಹ ಒಂದು ಮಟ್ಟಿಗೆ ಹೊಂದಿಕೊಳ್ಳುತ್ತೆ. ನಾನು ಇದರಿಂದ ತಗೊಂಡ ತೀರ್ಮಾನ ಅಂದ್ರೆ, ಅಯೋಡಿನ್ ಇರೋ ಉಪ್ಪು ಮನೇಲಿ ಸರಿಯಾಗಿ ಬಳಸ್ತಿರೋ ಬಸುರಿಗೆ ಡಾಕ್ಟರ್ ಹೇಳದೆ ಅಯೋಡಿನ್ ಮಾತ್ರೆ ತಗೋ ಅಂತ ನಾನು ಹೇಳಲ್ಲ. ಉಪ್ಪು ಸರಿ ಮಾಡ್ಕೋ, ಬಸುರಿಗೆ ಮೊದಲೇ ಮಾಡ್ಕೋ ಅಂತ ಮಾತ್ರ ನೂರು ಸಲ ಹೇಳ್ತೀನಿ.

ಹಾಗಾದ್ರೆ ಪುಣೆಯ ನಮ್ಮ ಅಡುಗೆಮನೆಗೆ ಬರೋಣ. ಇಲ್ಲಿ ನಾನು ನೋಡೋ ಕನ್ನಡದ ಮನೆಗಳು ಎರಡು ಥರ. ಹಿಂಜವಡಿ, ಬಾಣೇರ್ ಕಡೆ ಐಟಿಯಲ್ಲಿ ಇರೋರು, ಓದಿದೋರು, ಆರೋಗ್ಯದ ಕಾಳಜಿ ಇರೋರು. ಬಿಳಿ ಉಪ್ಪು ಕೆಟ್ಟದ್ದು, ಕೆಮಿಕಲ್ ಅಂತ ಎಲ್ಲೋ ನೋಡಿ ಪಿಂಕ್ ಸಾಲ್ಟ್‌ಗೆ ಬದಲಾಯಿಸಿರ್ತಾರೆ. ಹಾಲು ಬಿಟ್ಟು ಬಾದಾಮಿ ಹಾಲು, ಓಟ್ಸ್ ಹಾಲು ಕುಡೀತಿರ್ತಾರೆ. ಅದರಲ್ಲಿ ಅಯೋಡಿನ್ ಬೇರೆ ಸೇರಿಸಿಲ್ಲ ಅಂದ್ರೆ ಇಲ್ಲ ಅಂತಲೇ ತಿಳ್ಕೊಳ್ಳಿ. ಮೊಟ್ಟೆ ಮೀನು ತಿನ್ನೋ ಮನೆ ಅಲ್ಲದಿದ್ರೆ ಮುಗೀತು, ಅಯೋಡಿನ್ ಬರೋ ಎಲ್ಲಾ ಬಾಗಿಲೂ ಮುಚ್ಚಿದ ಹಾಗೆ. ಪಿಂಕ್ ಸಾಲ್ಟ್‌ನಲ್ಲಿ ಎಂಬತ್ತು ಖನಿಜ ಇದೆ ಅಂತ ಬರೆದಿರುತ್ತೆ, ನಮಗೆ ಬೇಕಾದ ಒಂದು ಸಾಕಷ್ಟು ಇರಲ್ಲ. ಅದರ ಮೇಲೆ ಉಪವಾಸ, ಇಲ್ಲಿನವರ ನೋಡಿ ನಾವೂ ಏಕಾದಶಿ, ಚತುರ್ಥಿ, ನವರಾತ್ರಿ ಒಂಬತ್ತು ದಿನ ಸಾಬೂದಾಣೆ ಖಿಚಡಿಗೆ ಸೈಂಧವ ಲವಣ ಹಾಕೋದು. ಉಪವಾಸದ ದಿನ ಹಾಕಿ, ಅದಕ್ಕೆ ನನ್ನ ತಕರಾರಿಲ್ಲ. ಅದನ್ನೇ ವರ್ಷವಿಡೀ ದಿನದ ಉಪ್ಪು ಮಾಡ್ಕೋಬೇಡಿ.

ಇನ್ನೊಂದು ಥರದ ಮನೆ, ವಾಘೋಲಿ ಕಡೆ ಕಟ್ಟಡದ ಕೆಲಸಕ್ಕೆ ಕಲಬುರ್ಗಿ, ಯಾದಗಿರಿ, ವಿಜಯಪುರದಿಂದ ಬಂದ ನಮ್ಮ ಜನ. ತಗಡಿನ ಶೆಡ್ಡು, ಜೋಳದ ರೊಟ್ಟಿ, ಕಾರಬ್ಯಾಳಿ, ಉಪ್ಪು ಅಂದ್ರೆ ಇಲ್ಲಿ ಖಡೇ ಮೀಠ ಅಂತಾರಲ್ಲ, ಬಿಡಿಯಾಗಿ ತೂಗಿ ಕೊಡೋ ಕಲ್ಲುಪ್ಪು, ಅದು ಅಗ್ಗ. ಒಬ್ಬ ಅಜ್ಜಿ ಸೊಸೇನ ಕರ್ಕೊಂಡು ಬಂದಿದ್ರು, ನಾನು ಉಪ್ಪಿನ ವಿಷಯ ಎತ್ತಿದ ಕೂಡ್ಲೇ "ನಮ್ಮೂರಾಗ ಎಲ್ಲಾರೂ ಇದ ಉಪ್ಪು ತಿಂದೀವಿ ಬಾಯಿ, ಯಾರಿಗೆ ಏನಾಗೇತಿ?" ಅಂದ್ರು. ನಾನು ಅಜ್ಜಿ ಜೊತೆ ವಾದ ಮಾಡಲಿಲ್ಲ. "ಯಮ್ಮಾ, ನಿಮಗ ಏನೂ ಆಗಿಲ್ಲ, ಚಲೋ ಆತು. ಈಕಿ ಹೊಟ್ಟ್ಯಾಗಿರೋ ಕೂಸಿಗೆ ಒಂದ್ ಪ್ಯಾಕೆಟ್ ಉಪ್ಪು ಬ್ಯಾರೆ ತರ್ಸ್ರಿ, ನಗೋ ಸೂರ್ಯನ ಚಿತ್ರ ಇರ್ತೈತಿ ನೋಡ್ರಿ" ಅಂದೆ. ಅಯೋಡಿನ್ ಉಪ್ಪಿನ ಪ್ಯಾಕೆಟ್ ಮೇಲೆ ನಗುವ ಸೂರ್ಯನ ಗುರುತು ಇರುತ್ತೆ, ಓದು ಬಾರದವರಿಗೆ ಅದನ್ನ ತೋರಿಸಿ ಹೇಳಿಕೊಡಿ. ನಿಮ್ಮ ಮನೆಗೆ ಕೆಲಸಕ್ಕೆ ಬರೋ ಅಕ್ಕನಿಗೂ ಹೇಳಿ.

ಕರಾವಳಿಯಿಂದ ಬಂದವರು ಇದ್ದೀರಿ ಇಲ್ಲಿ, ನಿಮ್ಮದೊಂದು ಮಾತು ನಾನು ಯಾವಾಗಲೂ ಕೇಳ್ತೀನಿ, "ನಮ್ಮದು ಸಮುದ್ರದ ಉಪ್ಪು, ಅದರಲ್ಲೇ ಅಯೋಡಿನ್ ಇರುತ್ತಲ್ಲ" ಅಂತ. ಗೋಕರ್ಣದ ಹತ್ರ ಸಾಣಿಕಟ್ಟಾದ ಗದ್ದೆ ಇರಲಿ, ಗೋವಾದ ಉಪ್ಪಿನ ಆಗರ ಇರಲಿ, ನೀರು ಆರಿಸಿ ತೆಗೆದ ಉಪ್ಪಿಗೆ ಅಯೋಡಿನ್ ಬೇರೆಯಾಗಿ ಸೇರಿಸದೇ ಇದ್ರೆ ಅದರಲ್ಲಿ ಇರೋದು ಇಲ್ಲದಷ್ಟೇ. ಲೆಕ್ಕ ನೋಡಿ. ಒಂದು ಲೀಟರ್ ಸಮುದ್ರದ ನೀರಲ್ಲಿ ಉಪ್ಪು ಸುಮಾರು 35 ಗ್ರಾಂ, ಅಯೋಡಿನ್ ಬರೀ 60 ಮೈಕ್ರೋಗ್ರಾಂ ಆಸುಪಾಸು. ಅದಷ್ಟೂ ಉಪ್ಪಲ್ಲೇ ಉಳೀತು ಅಂದ್ಕೊಂಡ್ರೂ, ಅದು ಉಳಿಯೋದೂ ಇಲ್ಲ, ಒಂದು ಗ್ರಾಂ ಉಪ್ಪಿಗೆ ಎರಡು ಮೈಕ್ರೋಗ್ರಾಂ ಕೂಡ ಬರಲ್ಲ. ಕಾನೂನಿನ ಪ್ರಕಾರ ಅಯೋಡಿನ್ ಉಪ್ಪು ನಿಮ್ಮ ಕೈಗೆ ಬರೋವಾಗ ಒಂದು ಗ್ರಾಮಿಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕು, ಫ್ಯಾಕ್ಟರಿಯಲ್ಲಿ ಅದಕ್ಕಿಂತ ಹೆಚ್ಚು. ಸಮುದ್ರದ ಮೀನಿನ ಮಾತು ಬೇರೆ, ಅದರಲ್ಲಿ ಒಳ್ಳೆ ಅಯೋಡಿನ್ ಇದೆ, ಬಂಗುಡೆ ತಿನ್ನೋರು ತಿನ್ನಿ. ಉಪ್ಪಿನಕಾಯಿಗೆ ಕಲ್ಲುಪ್ಪೇ ಬೇಕು ಅಂದ್ರೆ ಅದಕ್ಕೂ ಅಡ್ಡಿ ಇಲ್ಲ, ಸಾರು ಪಲ್ಯದ ಉಪ್ಪು ಅಯೋಡಿನ್ ಇರೋದಾಗಲಿ.

ಇಲ್ಲಿ ಇನ್ನೊಂದು ಲೆಕ್ಕ. ಬಿಪಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಅಂತಾರೆ. ಗ್ರಾಮಿಗೆ 15ರ ಲೆಕ್ಕದಲ್ಲಿ 5 ಗ್ರಾಂಗೆ 75 ಮೈಕ್ರೋಗ್ರಾಂ, ಗ್ರಾಮಿಗೆ 30 ಇದ್ರೂ 150. ಅಂದ್ರೆ ಬಸುರಿಗೆ ಉಪ್ಪೊಂದರಿಂದಲೇ 250 ಬರಲ್ಲ, ಅದಕ್ಕೆ ಹಾಲು, ಮೊಸರು ಸೇರಬೇಕು, ತಿನ್ನೋರಾದ್ರೆ ಮೊಟ್ಟೆ ಮೀನು ಸೇರಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 25 ಮೈಕ್ರೋಗ್ರಾಂ. ಹಾಲಲ್ಲಿ ಎಷ್ಟು ಅನ್ನೋದು ಹಸು ಎಮ್ಮೆ ತಿಂದ ಮೇವಿನ ಮೇಲೆ ಹೋಗುತ್ತೆ, ಆದ್ರೂ ಸಸ್ಯಾಹಾರಿಗಳಿಗೆ ಉಪ್ಪು ಬಿಟ್ರೆ ಅದೇ ಮುಖ್ಯ ಆಸರೆ. ಅಯೋಡಿನ್ ಬೇಕು ಅಂತ ಉಪ್ಪು ಜಾಸ್ತಿ ಸುರೀಬೇಡಿ, ಹಾಕೋ ಉಪ್ಪು ಅಯೋಡಿನ್ ಇರೋದಾಗಲಿ ಅಷ್ಟೇ. ಹಾಲು, ಮೊಟ್ಟೆ, ಮೀನು ಯಾವುದೂ ಮುಟ್ಟದವರು ಇದ್ರೆ ಮಾತ್ರ ಮಗು ಮಾಡ್ಕೊಳ್ಳೋ ಮೊದಲೇ ಡಾಕ್ಟರ್ ಹತ್ರ ಅಯೋಡಿನ್ ಇರೋ ಮಾತ್ರೆ ಬಗ್ಗೆ ಕೇಳಿ, ಸರ್ಕಾರಿ ಆಸ್ಪತ್ರೆಯಲ್ಲಿ ಕೊಡೋ ಐರನ್-ಫೋಲಿಕ್ ಮಾತ್ರೆಯಲ್ಲಿ ಅಯೋಡಿನ್ ಇರಲ್ಲ.

ಡಬ್ಬಿ ಬಗ್ಗೆ ಎರಡು ಮಾತು. ಅಯೋಡಿನ್ ತೇವಕ್ಕೆ, ಬಿಸಿಗೆ ನಿಧಾನ ಹೋಗುತ್ತೆ. ಪುಣೆಯ ಮಳೆಗಾಲದಲ್ಲಿ ಒಲೆ ಪಕ್ಕ ಬಾಯಿ ತೆರೆದಿಟ್ಟ ಬಟ್ಟಲು ಬೇಡ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಣ ಚಮಚ ಹಾಕಿ ಇಡಿ, ವರ್ಷಕ್ಕಾಗೋಷ್ಟು ಒಟ್ಟಿಗೆ ತರಬೇಡಿ, ಅಡುಗೆ ಇಳಿಸೋ ಹೊತ್ತಿಗೆ ಉಪ್ಪು ಹಾಕಿದ್ರೆ ಒಳ್ಳೆಯದು.

ನನ್ನ ಹತ್ರ ಬರೋರಲ್ಲಿ ಇನ್ನೊಂದು ಹೆದರಿಕೆ ನೋಡ್ತೀನಿ, "ನನಗೆ ಥೈರಾಯ್ಡ್ ಇದೆ, ಮಾತ್ರೆ ತಗೋತೀನಿ, ಅದಕ್ಕೆ ಅಯೋಡಿನ್ ಉಪ್ಪು ಬಿಟ್ಟಿದ್ದೀನಿ." ಯಾರು ಹೇಳಿದ್ರು ಅಂದ್ರೆ ಪಕ್ಕದ ಮನೆಯವರು. ದಯವಿಟ್ಟು ಹಾಗೆ ಬಿಡಬೇಡಿ. ಬಸುರಲ್ಲಿ ಮಾತ್ರೆಯ ಡೋಸ್ ಸಾಮಾನ್ಯವಾಗಿ ಏರಿಸಬೇಕಾಗುತ್ತೆ, ಬಸುರು ಗೊತ್ತಾದ ಕೂಡ್ಲೇ ಡಾಕ್ಟರ್‌ಗೆ ಹೇಳಿ, ಅಡುಗೆ ಉಪ್ಪು ಮಾತ್ರ ಮನೆಮಂದಿಗೆಲ್ಲ ಹಾಕೋ ಅಯೋಡಿನ್ ಉಪ್ಪೇ ಇರಲಿ. ಅದೇ ರೀತಿ ಅತಿಯೂ ಬೇಡ. ದಿನಕ್ಕೆ 500 ಮೈಕ್ರೋಗ್ರಾಂ ದಾಟಿದ್ರೆ ಬಸುರಿಗೆ ಹೆಚ್ಚಿನ ಲಾಭ ಏನೂ ಇಲ್ಲ. ಸಮುದ್ರದ ಪಾಚಿಯ ಮಾತ್ರೆ ಆನ್‌ಲೈನ್‌ನಲ್ಲಿ ಸಿಗುತ್ತೆ, ಒಂದೊಂದರಲ್ಲಿ ಒಂದೊಂದು ಪ್ರಮಾಣ ಇರುತ್ತೆ, ಕೆಲವು ವಿಪರೀತ. ಅತಿ ಆದ್ರೆ ಮಗುವಿನ ಥೈರಾಯ್ಡೇ ಕೆಲಸ ನಿಲ್ಲಿಸಬಹುದು. ಅದನ್ನ ಮುಟ್ಟಬೇಡಿ.

ಅಯೋಡಿನ್ ಒಂದೇ ಮಿದುಳು ಕಟ್ಟಲ್ಲ ಅನ್ನೋದನ್ನೂ ಹೇಳ್ಬೇಕು. ರಕ್ತಹೀನತೆ ಇದ್ರೆ, ಕಬ್ಬಿಣ ಕಡಿಮೆ ಇದ್ರೆ, ಥೈರಾಯ್ಡ್ ತನಗೆ ಸಿಕ್ಕ ಅಯೋಡಿನ್ ಅನ್ನೂ ಸರಿಯಾಗಿ ಬಳಸೋಕೆ ಆಗಲ್ಲ, ಯಾಕಂದ್ರೆ ಆ ಕೆಲಸ ಮಾಡೋ ಕಿಣ್ವಕ್ಕೆ ಕಬ್ಬಿಣ ಬೇಕು. ಇನ್ನು ವಿಟಮಿನ್ ಬಿ12. ಇದೇ ಪುಣೆ ಸುತ್ತಮುತ್ತಲ ಹಳ್ಳಿಗಳಲ್ಲಿ 1993ರಿಂದ ಡಾಕ್ಟರ್ ಯಾಜ್ಞಿಕ್ ಅವರ ತಂಡ ತಾಯಂದಿರನ್ನ, ಅವರ ಮಕ್ಕಳನ್ನ ನೋಡ್ತಾ ಬಂದಿದೆ, ಬಸುರಲ್ಲಿ ಬಿ12 ತೀರಾ ಕಡಿಮೆ ಇದ್ದ ತಾಯಂದಿರ ಮಕ್ಕಳು ಒಂಬತ್ತು ವರ್ಷಕ್ಕೆ ಗಮನ ಇಡೋ, ನೆನಪಿಟ್ಟುಕೊಳ್ಳೋ ಕೆಲವು ಪರೀಕ್ಷೆಯಲ್ಲಿ ಹಿಂದಿದ್ರು ಅಂತ ಅವರು ತೋರಿಸಿದ್ದಾರೆ. ನಮ್ಮ ಸಸ್ಯಾಹಾರಿ ಮನೆಗಳಿಗೆ ಇದು ಅಯೋಡಿನ್‌ನಷ್ಟೇ ದೊಡ್ಡ ವಿಷಯ, ಅದಕ್ಕೆ ಇನ್ನೊಂದು ದಿನ ಬೇಕು.

ಈ ಮಾತು ಆಡಿದಾಗೆಲ್ಲ ಯಾರಾದ್ರೂ ಒಬ್ಬ ತಾಯಿ ಆಮೇಲೆ ಬಂದು ಮೆಲ್ಲಗೆ ಕೇಳ್ತಾರೆ, "ನನ್ನ ಮಗ ಓದೋದ್ರಲ್ಲಿ ಹಿಂದೆ, ನಾನು ಆಗ ಕಲ್ಲುಪ್ಪು ತಿಂತಿದ್ದೆ, ನನ್ನಿಂದಲೇ ಆಯ್ತಾ?" ಅಂತ. ಅವರಿಗೆ ನಾನು ಎಲ್ಲರ ಮುಂದೆಯೇ ಹೇಳೋದು, ಇಲ್ಲಮ್ಮ. ಈ ಅಧ್ಯಯನಗಳೆಲ್ಲ ನೂರಾರು ಮಕ್ಕಳ ಸರಾಸರಿ ಹೇಳ್ತವೆ, ನಿಮ್ಮ ಒಂದು ಮಗು ಯಾಕೆ ಹೀಗೆ ಅಂತ ಯಾವ ಅಧ್ಯಯನವೂ ಹೇಳಲ್ಲ. ಓದೋಕೆ ಕಷ್ಟ ಆಗೋಕೆ ಕಣ್ಣು, ಕಿವಿ, ಅಕ್ಷರ ಓದೋಕೇ ಕಷ್ಟ ಆಗೋ ಡಿಸ್ಲೆಕ್ಸಿಯಾ, ಮನೆಯಲ್ಲಿ ಕನ್ನಡ ಶಾಲೆಯಲ್ಲಿ ಮರಾಠಿ ಇಂಗ್ಲಿಷ್ ಅನ್ನೋ ಗೊಂದಲ, ಎಷ್ಟೋ ಕಾರಣ ಇರ್ತವೆ. ಮಗುವನ್ನ ತೋರಿಸಿ, ಸಹಾಯ ಕೊಡಿಸಿ. ಉಪ್ಪು ಸರಿ ಇದೆಯಾ ಅಂತ ನೋಡೋ ಜವಾಬ್ದಾರಿ ಅಂಗಡಿಯವರದು, ಆಸ್ಪತ್ರೆಯದು, ಗಂಡಂದಿರದು, ಅತ್ತೆಯರದು ಎಲ್ಲರದೂ ಹೌದು, ಅದನ್ನ ಬಸುರಿ ಒಬ್ಬಳ ತಲೆ ಮೇಲೆ ಹೊರಿಸೋದು ನನಗೆ ಒಪ್ಪಿಗೆ ಇಲ್ಲ.

ಹುಟ್ಟಿದ ಮೇಲೆ ಮಾಡಲೇಬೇಕಾದ ಒಂದು ಕೆಲಸ ಇದೆ. ಅಯೋಡಿನ್ ಎಲ್ಲಾ ಸರಿ ಇದ್ರೂ ಸುಮಾರು ಸಾವಿರಕ್ಕೆ ಒಂದು ಮಗು ಥೈರಾಯ್ಡ್ ಕೆಲಸ ಮಾಡದೆಯೇ ಹುಟ್ಟುತ್ತೆ, ನೋಡೋಕೆ ಚೆನ್ನಾಗೇ ಇರುತ್ತೆ. ಹುಟ್ಟಿ ಎರಡು ಮೂರು ದಿನಕ್ಕೆ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡಿದ್ರೆ ಗೊತ್ತಾಗುತ್ತೆ, ಮೊದಲ ಎರಡು ವಾರದಲ್ಲೇ ಮಾತ್ರೆ ಶುರು ಮಾಡಿದ್ರೆ ಮಗು ಎಲ್ಲರ ಹಾಗೆ ಬೆಳೆಯುತ್ತೆ, ತಿಂಗಳುಗಟ್ಟಲೆ ತಡ ಆದ್ರೆ ಮಿದುಳಿಗೆ ಆದ ಪೆಟ್ಟು ವಾಪಸ್ ಬರಲ್ಲ. ಡಿಸ್ಚಾರ್ಜ್ ಮೊದಲು ಈ ಟೆಸ್ಟ್ ಆಯ್ತಾ ಅಂತ ಬಾಯಿಬಿಟ್ಟು ಕೇಳಿ.

ಕೊನೆಗೆ ಒಬ್ಬರು ಚೀಟಿ ಕಳಿಸಿದ್ದಾರೆ, ಬಾಣಂತಿಗೆ ಸೈಂಧವ ಲವಣವೇ ಹಾಕಬೇಕು ಅಂತ ತವರಲ್ಲಿ ಹೇಳ್ತಾರೆ, ಏನ್ ಮಾಡ್ಲಿ ಅಂತ. ಹಾಲೂಡಿಸುವಾಗಲೂ ನಿಮಗೆ 250 ಮೈಕ್ರೋಗ್ರಾಂ ಬೇಕು, ಕೂಸಿಗೆ ಆರು ತಿಂಗಳು ಅಯೋಡಿನ್ ಬರೋದು ನಿಮ್ಮ ಎದೆಹಾಲಿಂದ ಮಾತ್ರ. ಪಥ್ಯ ಅಂತ ಮೊಸರು, ಮೀನು ಬಿಡಿಸಿ ಉಪ್ಪೂ ಬದಲಾಯಿಸಿದ್ರೆ ಆ ಹಾಲಲ್ಲಿ ಕಡಿಮೆ ಆಗುತ್ತೆ. ಅಮ್ಮನ ಮೆಣಸಿನ ಸಾರು, ಅಂಟಿನುಂಡೆ ಎಲ್ಲಾ ಸಂತೋಷವಾಗಿ ತಿನ್ನಿ, ಸಾರಿಗೆ ಹಾಕೋ ಉಪ್ಪು ಮಾತ್ರ ಅಯೋಡಿನ್ ಇರೋ ಪ್ಯಾಕೆಟ್ಟಿಂದು ಇರಲಿ ಅಂತ ಅಮ್ಮನಿಗೆ ಒಪ್ಪಿಸಿ. ಆರು ತಿಂಗಳಾದ ಮೇಲೆ ಕೂಸಿಗೆ ರಾಗಿ ಸರಿ ಶುರು ಮಾಡಿದಾಗ ವರ್ಷ ತುಂಬೋವರೆಗೆ ಅದಕ್ಕೆ ಉಪ್ಪು ಹಾಕೋದು ಬೇಡ, ಎದೆಹಾಲು ನಿಲ್ಲಿಸಬೇಡಿ, ನಿಮ್ಮ ತಟ್ಟೆಯ ಉಪ್ಪು ಬದಲಾಯಿಸಬೇಡಿ.